ಪುಸ್ತಕ ಓದುವ ಯಂತ್ರನಾಯಿ

ಚೆನ್ನೈನ ಓದುವ ಮನೆಯೊಂದಕ್ಕೆ ಹೋಗಿ ‘ಜೀನೋ’ ಅಂತ ಒಂದು ಮಾತು ಹೇಳಿ ನೋಡಿ! ಐವತ್ತು ದಾಟಿದವರ ಮುಖ ಅರಳುತ್ತದೆ, ಫಿಲ್ಟರ್ ಕಾಫಿ ಆರಿ ಹೋಗುತ್ತದೆ, ವಾದ ಶುರುವಾಗುತ್ತದೆ.

ಜೀನೋ ಒಂದು ಯಂತ್ರನಾಯಿ. 1980ರ ದಶಕದಲ್ಲಿ ‘ಆನಂದ ವಿಕಟನ್’ ತಮಿಳು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ‘ಎನ್ ಇನಿಯ ಇಯಂದಿರಾ’ ಕಾದಂಬರಿಯ ಪ್ರಾಣವೇ ಅದು. ಕಥೆ ನಡೆಯುವುದು 2021ರ ಆಸುಪಾಸಿನ ಭಾರತದಲ್ಲಿ. ಆಳುವವನು ಜೀವಾ ಎಂಬ ಸರ್ವಾಧಿಕಾರಿ. ಹೆಸರು ಎರಡಕ್ಷರ ದಾಟುವಂತಿಲ್ಲ. ಮಗು ಬೇಕಾದರೆ ಸರ್ಕಾರದ ಅಪ್ಪಣೆ ಬೇಕು. ನಿಲಾ ಎಂಬ ಎಳೆಯ ಹೆಣ್ಣುಮಗಳ ಗಂಡ ಸಿಬಿ ಇದ್ದಕ್ಕಿದ್ದಂತೆ ಕಾಣೆಯಾಗುತ್ತಾನೆ; ಅವಳ ಮನೆಗೆ ಬಂದು ಸೇರುವ ರವಿಯ ಜೊತೆ ಈ ನಾಯಿ. ಪುಸ್ತಕ ಓದುತ್ತದೆ, ತಮಾಷೆ ಮಾಡುತ್ತದೆ, ಮನುಷ್ಯರಿಗಿಂತ ಮುಂಚೆ ಅಪಾಯದ ವಾಸನೆ ಹಿಡಿಯುತ್ತದೆ!

ಇದನ್ನು ಬರೆದ ಸುಜಾತಾ ಆಗ ಇದ್ದದ್ದು ಎಲ್ಲಿ ಗೊತ್ತೇ? ನಮ್ಮ ಬೆಂಗಳೂರಿನಲ್ಲಿ! 1935ರಲ್ಲಿ ಚೆನ್ನೈನ ತಿರುವಲ್ಲಿಕ್ಕೇಣಿಯಲ್ಲಿ ಹುಟ್ಟಿ, ಶ್ರೀರಂಗದಲ್ಲಿ ಅಜ್ಜಿಯ ಹತ್ತಿರ ಬೆಳೆದ ಎಸ್. ರಂಗರಾಜನ್, ಹೆಂಡತಿಯ ಹೆಸರನ್ನೇ ಕಾವ್ಯನಾಮ ಮಾಡಿಕೊಂಡವರು. ಹಗಲು ಬಿಇಎಲ್‌ನಲ್ಲಿ ಇಂಜಿನಿಯರು. ನಾವು ಇವತ್ತು ಗುಂಡಿ ಒತ್ತಿ ವೋಟು ಹಾಕುತ್ತೇವಲ್ಲ, ಆ ಯಂತ್ರ ರೂಪುಗೊಳ್ಳುವಾಗ ಮೇಲ್ವಿಚಾರಣೆ ಮಾಡಿದವರಲ್ಲಿ ಇವರೂ ಒಬ್ಬರು. ಒಂದು ಕೈ ಮತಯಂತ್ರದ ಮೇಲೆ, ಇನ್ನೊಂದು ಕೈ ಸರ್ವಾಧಿಕಾರಿಯ ಕಥೆ ಬರೆಯುತ್ತಿತ್ತು! ಅದೂ ಎಂಥ ಸರ್ವಾಧಿಕಾರಿ? ಕೊನೆಗೆ ನೋಡಿದರೆ ಜೀವಾ ಮನುಷ್ಯನೇ ಅಲ್ಲ, ಬರೀ ಹೊಲೊಗ್ರಾಮ್. ನನಗೆ ಮೈ ಜುಮ್ಮೆಂದದ್ದು ಇಲ್ಲಿ.

ಮೈಲಾಪುರದ ಒಂದು ಕನ್ನಡ ಮನೆಯಲ್ಲಿ ನಾನು ಕೈಗೆತ್ತಿಕೊಂಡ ಪ್ರತಿ ಅಚ್ಚಾದ ಪುಸ್ತಕವಲ್ಲ. ವಾರವಾರ ಪತ್ರಿಕೆಯಿಂದ ಹಾಳೆ ಬಿಡಿಸಿ, ದಾರದಲ್ಲಿ ಹೊಲಿದು, ರಟ್ಟು ಹಾಕಿಸಿದ್ದು. ಬೈಂಡಿನವನ ಕತ್ತರಿಗೆ ಕೆಲವು ಸಾಲುಗಳ ಕೊನೆಯಕ್ಷರಗಳು ಹಾರಿಹೋಗಿವೆ. ಅಂಚಿನಲ್ಲಿ ಸೀರೆ ಜಾಹೀರಾತಿನ ಅರ್ಧ ಮುಖ. ತಮಿಳುನಾಡಿನಲ್ಲಿ ಇಂಥ ಕಟ್ಟುಗಳು ಎಷ್ಟೋ ಮನೆಗಳಲ್ಲಿವೆ. ಧಾರಾವಾಹಿಯನ್ನು ಕಾದು, ಕಾಪಾಡಿ ಓದಿದ ನಾಡು ಇದು.

ಕಟ್ಟು ಹಾಕಿಸಿದಾಕೆಗೆ ಆಗ ಹದಿಹರೆಯ. “ಜೀನೋ ನನ್ನ ಗೆಳೆಯ ಕಣೇ,” ಎಂದು ಮಗಳಿಗೆ ಹೇಳಿದರು. “ಮನೆಯಲ್ಲಿ ಯಾರಿಗೂ ಹೇಳಲಾಗದ್ದನ್ನೆಲ್ಲ ಅದಕ್ಕೆ ಹೇಳಬೇಕು ಅನಿಸುತ್ತಿತ್ತು.”

ಮಗಳು ಕಾಲೇಜು ಓದುತ್ತಾಳೆ, ಒಪ್ಪಲಿಲ್ಲ. “ಅಮ್ಮ, ನಿಲಾ ಏನು ಮಾಡ್ತಾಳೆ ಹೇಳು? ರವಿ ಹೇಳಿದ ಹಾಗೆ ಕೇಳ್ತಾಳೆ. ಬುದ್ಧಿಯೆಲ್ಲ ನಾಯಿಗೆ ಕೊಟ್ಟುಬಿಟ್ಟಿದ್ದಾರೆ.”

ಅಲ್ಲೇ ಕೂತಿದ್ದ ನಿವೃತ್ತ ಇಂಜಿನಿಯರ್ ಮಾವನ ತಕರಾರು ಬೇರೆ. ಅದು ಥ್ರಿಲ್ಲರ್, ವಿಜ್ಞಾನ ಬರೀ ಒಗ್ಗರಣೆ ಅಂತ ಅವರ ವಾದ. ವಿಜ್ಞಾನ ಕಥೆಗಾರ ಅಸಿಮೋವ್‌ನನ್ನು ಓದಿದವರಿಗೆ ಇದು ತೆಳು ಅನ್ನಿಸುತ್ತದಂತೆ. ಇನ್ನು ಹೊಸ ಪೀಳಿಗೆಯಲ್ಲಿ ಎಷ್ಟೋ ಮಂದಿ 2010ರ ‘ಎಂದಿರನ್’ ಸಿನಿಮಾ ನೋಡಿ ಹಿಂದಕ್ಕೆ ಈ ಕಾದಂಬರಿಗೆ ಬಂದವರು. ಆ ಸಿನಿಮಾಕ್ಕೆ ಸಂಭಾಷಣೆ ಬರೆದವರಲ್ಲಿ ಸುಜಾತಾ ಹೆಸರಿದೆ. ಆದರೆ ತೆರೆಗೆ ಬರುವ ಎರಡು ವರ್ಷ ಮೊದಲೇ, 2008ರಲ್ಲಿ, ಅವರು ಚೆನ್ನೈನಲ್ಲಿ ತೀರಿಕೊಂಡಿದ್ದರು.

ನನ್ನ ಒಲವು ತಾಯಿಯ ಕಡೆಗೆ. ತೆಳು ಅನ್ನುವ ಮಾವನಿಗೆ ಕಾಣದೆ ಹೋದದ್ದು ಆ ಸ್ನೇಹ. ಸುಜಾತಾ ಯಂತ್ರದ ಸರ್ಕ್ಯೂಟ್ ವಿವರಿಸುತ್ತ ಕೂರಲಿಲ್ಲ. ಓದಿ ಓದಿ ತಾನೇ ಯೋಚಿಸುವಷ್ಟು ಬೆಳೆದ ಯಂತ್ರವನ್ನು ಮನುಷ್ಯರು ನಂಬಬಹುದೇ ಎಂಬುದನ್ನು ಕೈಗೆತ್ತಿಕೊಂಡರು. ವಿಜ್ಞಾನ ಕಥೆಗೆ ಇದಕ್ಕಿಂತ ಗಟ್ಟಿ ವಸ್ತು ಬೇಕೇ? ಅದೂ ಮನೆಗೆ ಕಂಪ್ಯೂಟರ್ ಕಾಲಿಡದ ಕಾಲದಲ್ಲಿ, ವಾರಪತ್ರಿಕೆಯ ಪುಟದಲ್ಲಿ!

ಆದರೆ ಮಗಳ ಆಕ್ಷೇಪವನ್ನೂ ತಳ್ಳಿಹಾಕಲಾರೆ. ಕಥೆಯ ಕಾಲ ಈಗ ಕಳೆದುಹೋಗಿದೆ, ಕೈಯಲ್ಲಿ ಮಾತಾಡುವ ಫೋನು ಬಂದಿದೆ. ಅವಳ ತಲೆಮಾರಿಗೆ ಜೀನೋ ಅಚ್ಚರಿಯಲ್ಲ, ನಿಲಾಳ ಮೌನವೇ ಅಚ್ಚರಿ. ಅಷ್ಟು ಹೇಳಿಯೂ ಅವಳು ಆ ಸಂಜೆ ಮುಂದಿನ ಭಾಗ ‘ಮೀಂಡುಂ ಜೀನೋ’ ಎಲ್ಲಿಟ್ಟಿದ್ದೀಯ ಅಂತ ಅಮ್ಮನನ್ನು ಕೇಳಿದಳು. ಮಾವ ತಾನೇ ಮೊದಲು ಓದಬೇಕೆಂದು ಕೈ ಚಾಚಿದರು.