ಅಂಚೆ ಕಾರ್ಡಿನಷ್ಟು ನೆಲ

ಮೈಸೂರಿನ ಹಿನಕಲ್ ಮೇಲ್ಸೇತುವೆಯ ಬಳಿ ಶನಿವಾರ ಬೆಳಿಗ್ಗೆ ಹತ್ತು ನಿಮಿಷ ನಿಂತರೆ ಸಾಕು, ಹುಣಸೂರು ರಸ್ತೆ ಹಿಡಿದು ಕೊಡಗಿನ ಕಡೆ ಹೊರಟ ತರಹೇವಾರಿ ಜೀಪುಗಳು ಕಣ್ಣಿಗೆ ಬೀಳುತ್ತವೆ. ಕೆಲವಕ್ಕಂತೂ ಟ್ರ್ಯಾಕ್ಟರಿನಿಂದ ಕಿತ್ತು ತಂದಂಥ ಟೈರು. ನನ್ನ ಅಕ್ಕನ ಮಗನಿಗೆ ಹುಚ್ಚು ಹತ್ತಿದ್ದು ಇವನ್ನು ನೋಡಿಯೇ. ಮನೆಯ ಹಿಂದೆ ಶೀಟು ಹೊದಿಸಿದ ಶೆಡ್ಡಿನಲ್ಲಿ ಹಳೆಯ ಮಹೀಂದ್ರ ಜೀಪೊಂದನ್ನು ಪೂರ್ತಿ ಬಿಚ್ಚಿ, ಎರಡು ವರ್ಷ ಕೈ ಮಸಿ ಮಾಡಿಕೊಂಡು ಮತ್ತೆ ಜೋಡಿಸಿದ್ದಾನೆ. ಉಳಿದದ್ದು ಗಾಲಿ ಮಾತ್ರ. "ಮಾವ, 31 ಇಂಚಿನ ಟೈರು ಹಾಕಿಸ್ತೀನಿ" ಎಂದ. ಯಾಕೋ ಎಂದರೆ, "ಲುಕ್ಕು!"

ಲುಕ್ಕಿಗೆ ನನ್ನ ತಕರಾರೇನೂ ಇಲ್ಲ. ಆದರೆ ಗಾಡಿ ನೆಲ ಮುಟ್ಟುವುದು ಎಷ್ಟು ಜಾಗದಲ್ಲಿ ಎಂದು ಅವನನ್ನು ಕೇಳಿದೆ. ಉತ್ತರ ಬರಲಿಲ್ಲ. ಲೆಕ್ಕ ಸುಲಭದ್ದೇ. ಜನ, ಸಾಮಾನು ಸೇರಿ 1,200 ಕೆ.ಜಿ. ತೂಗುವ ಕಾರು ಎಂದುಕೊಳ್ಳಿ. ಒಂದೊಂದು ಟೈರಿನ ಮೇಲೆ 300 ಕೆ.ಜಿ. ಒಳಗಿನ ಗಾಳಿಯ ಒತ್ತಡ 32 ಪಿ.ಎಸ್.ಐ., ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2.25 ಕೆ.ಜಿ. ಭಾಗಿಸಿದರೆ ಹೆಚ್ಚುಕಡಿಮೆ 133 ಚದರ ಸೆಂ.ಮೀ. ನಮ್ಮ ಅಂಚೆ ಕಾರ್ಡು 14 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲ: 126 ಚದರ ಸೆಂ.ಮೀ. ಇಡೀ ಕಾರು ಓಡುವುದು, ತಿರುಗುವುದು, ನಿಲ್ಲುವುದು ನಾಲ್ಕು ಅಂಚೆ ಕಾರ್ಡುಗಳ ಮೇಲೆ.

ಟೈರಿನ ಗೋಡೆ ತಾನೂ ಸ್ವಲ್ಪ ಭಾರ ಹೊರುವುದರಿಂದ ಇದು ಅಂದಾಜಿನ ಲೆಕ್ಕ. ಆದರೂ ಒಂದು ಭ್ರಮೆ ಕಳೆಯಲು ಸಾಕು. ಗಾಳಿಯ ಒತ್ತಡ ಅಷ್ಟೇ ಇದ್ದರೆ ಅಗಲದ ಟೈರು ಹಾಕಿದ ಮಾತ್ರಕ್ಕೆ ನೆಲ ಹಿಡಿಯುವ ಜಾಗ ದುಪ್ಪಟ್ಟಾಗುವುದಿಲ್ಲ. ಆ ಜಾಗದ ಆಕಾರ ಬದಲಾಗುತ್ತದೆ: ಉದ್ದ ಕಡಿಮೆಯಾಗಿ ಅಡ್ಡಕ್ಕೆ ಹರಡುತ್ತದೆ. ಒಣ ರಸ್ತೆಯ ತಿರುವಿನಲ್ಲಿ ಇದು ಒಳ್ಳೆಯದೇ. ಮಳೆಗಾಲದಲ್ಲಿ ಮಾತ್ರ ಅಗಲದ ಟೈರು ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕು. ತಳ್ಳಲು ಪುರುಸೊತ್ತು ಸಿಗದಿದ್ದರೆ ನೀರಿನ ಮೇಲೆಯೇ ತೇಲುತ್ತದೆ. ಆಗ ಸ್ಟೀರಿಂಗ್ ಕೈಯಲ್ಲಿದ್ದೂ ಇಲ್ಲದಂತೆ.

ಇನ್ನು 31 ಇಂಚಿನ ಮಾತು. ಹಳೆಯ ಜೀಪಿನ ಟೈರು 6.00-16. ಆರು ಇಂಚು ಅಗಲ, 16 ಇಂಚಿನ ಡಿಸ್ಕು. ಈ ಹಳೇ ನಮೂನೆಯ ಟೈರಿನ ಗೋಡೆಯ ಎತ್ತರ ಅಗಲದಷ್ಟೇ ಇರುವುದರಿಂದ ಒಟ್ಟು ಎತ್ತರ ಸುಮಾರು 28 ಇಂಚು. 28ರಿಂದ 31ಕ್ಕೆ ಏರಿದರೆ ಶೇ. 11ರಷ್ಟು ಹೆಚ್ಚಳ. ಗಾಲಿ ಒಂದು ಸುತ್ತು ತಿರುಗಿದಾಗ ಗಾಡಿ ಅಷ್ಟು ಹೆಚ್ಚು ದೂರ ಹೋಗುತ್ತದೆ; ಸ್ಪೀಡೋಮೀಟರಿಗೆ ಅದು ಗೊತ್ತಾಗುವುದಿಲ್ಲ. ಮುಳ್ಳು 60 ತೋರಿಸುವಾಗ ನೀವು 66ರಲ್ಲಿರುತ್ತೀರಿ.

ಅದು ಹೋಗಲಿ. ಆಕ್ಸಲ್ ತಿರುಚುವ ಬಲ ಅಷ್ಟೇ ಇದ್ದು ಗಾಲಿಯ ತ್ರಿಜ್ಯ ಹೆಚ್ಚಾದರೆ ನೆಲವನ್ನು ಹಿಂದಕ್ಕೆ ತಳ್ಳುವ ಬಲ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಮಡಿಕೇರಿ ಏರಿನಲ್ಲಿ ಮೂರನೇ ಗೇರಿನಲ್ಲಿ ಹೋಗುತ್ತಿದ್ದ ಜೀಪು ಎರಡನೆಯದನ್ನು ಕೇಳುತ್ತದೆ. ಬ್ರೇಕಿನ ಕಥೆಯೂ ಇದೇ. ಹಳೆಯ ಜೀಪಿನ ಡ್ರಮ್ ಬ್ರೇಕು ಮೊದಲೇ ಬಡಪಾಯಿ. ಪೆಡಲ್ ಅಷ್ಟೇ ಒತ್ತಿದರೂ ನಿಲ್ಲಿಸುವ ಬಲ ಹತ್ತರಲ್ಲಿ ಒಂದು ಪಾಲು ಕಡಿಮೆ. ಇಳಿಜಾರಿನಲ್ಲಿ ಆ ಒಂದು ಪಾಲಿನ ಬೆಲೆ ಗೊತ್ತಾಗುತ್ತದೆ.

ತೂಕದ್ದು ಇನ್ನೊಂದು ಸ್ವಾರಸ್ಯ. ಸೀಟಿನ ಕೆಳಗೆ ಇಟ್ಟ ಒಂದು ಕೆ.ಜಿ. ಗಾಡಿಯ ಜೊತೆ ಮುಂದಕ್ಕೆ ಸಾಗುತ್ತದೆ, ಅಷ್ಟೇ. ಟೈರಿನ ಹೊರ ಅಂಚಿನಲ್ಲಿರುವ ಒಂದು ಕೆ.ಜಿ. ಮುಂದಕ್ಕೂ ಸಾಗಬೇಕು, ಗಿರಗಿರನೆ ಸುತ್ತಲೂ ಬೇಕು. ತೆಳ್ಳನೆಯ ಬಳೆಯಂಥ ವಸ್ತು ಉರುಳುವಾಗ ಸಾಗುವ ಶಕ್ತಿ, ಸುತ್ತುವ ಶಕ್ತಿ ಎರಡೂ ಸಮಸಮ. ಹಾಗಾಗಿ ಅಂಚಿನ ಒಂದು ಕೆ.ಜಿ.ಯನ್ನು ವೇಗಕ್ಕೆ ತರಲು ಇಂಜಿನ್ನಿಗೆ ಎರಡು ಕೆ.ಜಿ.ಯ ಕೆಲಸ. ಮೇಲಾಗಿ ಗಾಲಿಯ ತೂಕ ಸ್ಪ್ರಿಂಗಿನ ಕೆಳಗಿರುತ್ತದೆ. ಹಂಪು ಹತ್ತಿ ಇಳಿಯುವಾಗ ಭಾರದ ಗಾಲಿಯನ್ನು ಸ್ಪ್ರಿಂಗು ತಕ್ಷಣ ನೆಲಕ್ಕೆ ಒತ್ತಲಾರದು; ಅಂಚೆ ಕಾರ್ಡು ಅಷ್ಟು ಹೊತ್ತು ಗಾಳಿಯಲ್ಲಿ. ಅಂಗಡಿಯಲ್ಲಿ ಹೊಳಪು ನೋಡುವ ಮುಂಚೆ ಗಾಲಿಯನ್ನು ತಕ್ಕಡಿಯ ಮೇಲೆ ಇಡಿಸಿ.

ನಾವು ಹೋದ ಟೈರು ಅಂಗಡಿಯವರು ಒಳ್ಳೆಯ ಮನುಷ್ಯ. "ಸಾರ್, ಮೊದ್ಲು ಹಬ್ ಅಳತೆ ಹೇಳಿ, ಆಮೇಲೆ ಅಲಾಯ್ ತೋರಿಸ್ತೀನಿ" ಎಂದರು. ಆಕ್ಸಲ್ ತುದಿಯಲ್ಲಿ ಗಾಲಿ ಕೂರುವ ಭಾಗವೇ ಹಬ್. ಅದರಲ್ಲಿ ಬೋಲ್ಟುಗಳು ಕೂರುವ ವೃತ್ತದ ವ್ಯಾಸಕ್ಕೆ ಅಂಗಡಿಗಳಲ್ಲಿ ಪಿ.ಸಿ.ಡಿ. ಎನ್ನುತ್ತಾರೆ. ನಾಲ್ಕು ಬೋಲ್ಟಿನ ಗಾಲಿಯಲ್ಲಿ ಎದುರುಬದುರು ಬೋಲ್ಟುಗಳ ನಡುವೆ ಅಳೆದರೆ ಮುಗಿಯಿತು. ಜೀಪಿನದು ಐದು ಬೋಲ್ಟು. ಎದುರಿಗೆ ಯಾವುದೂ ಇರುವುದಿಲ್ಲ. ಪಕ್ಕಪಕ್ಕದ ಎರಡು ಬೋಲ್ಟುಗಳ ನಡುಬಿಂದುಗಳ ಅಂತರವನ್ನು 1.701ರಿಂದ ಗುಣಿಸಬೇಕು. ಹುಡುಗ ಶೆಡ್ಡಿನಲ್ಲಿ ಕೂತು ಅಳೆದದ್ದು 82 ಮಿ.ಮೀ. ಗುಣಿಸಿದರೆ 139.5. ಜೀಪಿನ ಸರಿಯಾದ ಅಳತೆ 139.7, ಅಂದರೆ ಐದೂವರೆ ಇಂಚು. ಹೈಸ್ಕೂಲಿನ ತ್ರಿಕೋನಮಿತಿ ಕೊನೆಗೂ ಕೆಲಸಕ್ಕೆ ಬಂತು!

ಈ ಅಳತೆಯಲ್ಲಿ "ಹತ್ತಿರ ಇದೆ" ಎಂಬುದು ನಡೆಯುವುದಿಲ್ಲ. ಫಿಯಟ್ ಪಾಲಿಯೊಗೆ 98, ಸ್ವಿಫ್ಟ್‌ಗೆ 100. ಎರಡು ಮಿ.ಮೀ. ವ್ಯತ್ಯಾಸದಲ್ಲಿ ಒತ್ತಾಯ ಮಾಡಿದರೆ ನಟ್ಟು ಕೂತಂತೆ ಕಾಣುತ್ತದೆ. ಓರೆಯಾಗಿ ಕೂತ ನಟ್ಟು ನಾಲ್ಕು ದಿನ ಓಡಿದ ಮೇಲೆ ಸಡಿಲವಾಗುತ್ತದೆ.

ಆಮೇಲೆ ಆಫ್‌ಸೆಟ್. ಡಿಸ್ಕಿನ ಅಗಲದ ನಟ್ಟನಡುವೆ ಒಂದು ಗೆರೆ ಎಳೆದರೆ, ಹಬ್ಬಿಗೆ ತಾಗುವ ಮುಖ ಆ ಗೆರೆಯಿಂದ ಎಷ್ಟು ದೂರ ಎಂಬುದು ಆಫ್‌ಸೆಟ್. ಅಂಗಡಿಯ ನೆಲದ ಮೇಲೆಯೇ ಅಳೆದೆವು. ಗಾಲಿಯನ್ನು ಬೋರಲು ಹಾಕಿ, ಅಂಚಿನಿಂದ ಅಂಚಿಗೆ ಪಟ್ಟಿಯೊಂದನ್ನು ಅಡ್ಡ ಇಟ್ಟು, ಅಲ್ಲಿಂದ ಹಬ್ ಮುಖದವರೆಗೆ ಸ್ಕೇಲು ಇಳಿಬಿಟ್ಟರೆ 129 ಮಿ.ಮೀ. ಗಾಲಿಯ ಹೊರ ಅಗಲ 178, ಅರ್ಧ 89. ಕಳೆದರೆ 40. ಇದರ ಬದಲು 15 ಇರುವ ಗಾಲಿ ಹಾಕಿದರೆ ಟೈರು 25 ಮಿ.ಮೀ. ಹೊರಕ್ಕೆ ಚಾಚುತ್ತದೆ. ನೋಡಲು ಗತ್ತು, ನಿಜ. ತುಂಬಿದ ಕೊಡವನ್ನು ಸೊಂಟದಲ್ಲಿ ಇಟ್ಟುಕೊಳ್ಳುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಇರುವ ಕಷ್ಟದ ಅಂತರವನ್ನು ಬೇರಿಂಗ್ ಅನುಭವಿಸುತ್ತದೆ.

ಟೈರಿನ ಗೋಡೆಯ ಬರಹ ಓದಲು ಕಲಿತರೆ ಮಾರುವವರ ಮಾತು ಅರ್ಧ ಕೇಳಿದರೆ ಸಾಕು. 185/65 ಆರ್15 88ಎಚ್: ಅಗಲ 185 ಮಿ.ಮೀ., ಗೋಡೆಯ ಎತ್ತರ ಅದರ ಶೇ. 65, ರೇಡಿಯಲ್, 15 ಇಂಚಿನ ಡಿಸ್ಕು. 88 ಎಂದರೆ ಒಂದು ಟೈರು 560 ಕೆ.ಜಿ. ಹೊರಬಲ್ಲದು, ಎಚ್ ಎಂದರೆ ಗಂಟೆಗೆ 210 ಕಿ.ಮೀ.ವರೆಗೆ ತಾಳುತ್ತದೆ. ಇನ್ನೊಂದು ಮೂಲೆಯಲ್ಲಿ ಸಣ್ಣ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ. 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ರಬ್ಬರು ಓಡದೆಯೂ ಮುದಿಯಾಗುತ್ತದೆ. ಆಮ್ಲಜನಕ, ಓಜೋನ್ ಸೇರಿ ಅದನ್ನು ಬಿರುಸಾಗಿಸುತ್ತವೆ. ಡಿಸ್ಕೌಂಟ್ ಜೋರಾಗಿದ್ದರೆ ಮೊದಲು ಬಗ್ಗಿ ಆ ನಾಲ್ಕು ಅಂಕಿ ನೋಡಿ.

ಟೈರಿನ ಮಾತು ಮೈಸೂರಿಗೆ ಹೊಸದೇನಲ್ಲ. ಮೇಟಗಳ್ಳಿಯ ಕಾರ್ಖಾನೆಯಿಂದ ಬರುತ್ತಿದ್ದ ವಿಕ್ರಾಂತ್ ಟೈರಿನ ಹೆಸರು ಲಾರಿಯವರಿಗೆಲ್ಲ ಗೊತ್ತು. 1997ರಲ್ಲಿ ಅದು ಜೆ.ಕೆ. ಟೈರ್ ಪಾಲಾಯಿತು, ಆ ಕಂಪನಿಯ ಟೈರು ಸಂಶೋಧನಾ ಕೇಂದ್ರವೂ ಈಗ ಇದೇ ಊರಿನಲ್ಲಿದೆ. ಇಷ್ಟು ಹತ್ತಿರವಿದ್ದೂ ನಾವು ಟೈರು ಕೊಳ್ಳುವುದು ಮಾತ್ರ ಚಪ್ಪಲಿ ಕೊಂಡಂತೆ.

ಕಾನೂನನ್ನೂ ಹುಡುಗನಿಗೆ ನೆನಪಿಸಬೇಕಾಯಿತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಹೇಳಿದ ಮೂಲ ವಿವರಗಳಿಗೆ ಹೊಂದದಂತೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಗಾತ್ರ ತೀರಾ ಮೀರಿದರೆ ತಪಾಸಣೆಯಲ್ಲೂ ಅಪಘಾತದ ಮೇಲಿನ ವಿಮೆಯಲ್ಲೂ ತಲೆನೋವು.

ಕೊನೆಗೆ ಅವನು ಒಪ್ಪಿದ್ದು ಬೊಲೆರೊಗೆ ಹಾಕುವ 215/75 ಆರ್15. ಎತ್ತರ 703 ಮಿ.ಮೀ. ಚಿಲ್ಲರೆ, ಹಳೆಯದರ 711ಕ್ಕೆ ಶೇ. 1ರಷ್ಟೇ ವ್ಯತ್ಯಾಸ. ನಾಲ್ಕು ಸಾಕು, ಸ್ಟೆಪ್ನಿಗೆ ಹಳೆಯ 16 ಇಂಚಿನದೇ ಇರಲಿ ಎಂದ. ಆದರೆ ಎತ್ತರ ಹತ್ತಿರವೇ ಇದ್ದರೂ ಹಳೇ ನಮೂನೆಯ ಟೈರು ರೇಡಿಯಲ್‌ನಂತೆ ಬಾಗುವುದಿಲ್ಲ. ಒಂದೇ ಆಕ್ಸಲ್ಲಿನ ಎರಡು ತುದಿಯಲ್ಲಿ ಇವೆರಡನ್ನೂ ಹಾಕಿದರೆ ತಿರುವಿನಲ್ಲಿ ಗಾಡಿ ಒಂದೊಂದು ಕಡೆ ಒಂದೊಂದು ಥರ ವಾಲುತ್ತದೆ. ನೀವೂ ಕೊಳ್ಳುವುದಾದರೆ ಐದು ಕೊಳ್ಳಿ.