ಒಬ್ಬನೇ ಆಳಿದರೆ ಇಲಾಖೆಗಳ ಜಗಳ ನಿಲ್ಲುತ್ತಾ?

‘ಈ ದೇಶಕ್ಕೆ ಒಬ್ಬ ಸರ್ವಾಧಿಕಾರಿ ಬೇಕು ಸಾರ್!’

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ನಿಂತು ಮಾತಾಡಿಸಿ, ಚಿಂತಾಮಣಿಯ ಟೀ ಅಂಗಡಿಯಲ್ಲಿ ಕೂತು ಕೇಳಿ, ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಕೇಳಿ. ಈ ಮಾತನ್ನ ಯಾರಾದರೂ ಒಬ್ಬರು ಹೇಳೇ ಹೇಳ್ತಾರೆ. ಅವರ ಸಿಟ್ಟು ಸುಳ್ಳಲ್ಲ. ಆ ಆಫೀಸಿಗೆ ಹೋದರೆ ಈ ಆಫೀಸು ಅಂತಾರೆ, ಈ ಆಫೀಸಿಗೆ ಬಂದರೆ ದೆಹಲಿ ಅಂತಾರೆ. ಒಬ್ಬನೇ ಕೂತು ಹುಕುಂ ಮಾಡಿದರೆ ಇಲಾಖೆಗಳ ಕಿತ್ತಾಟ ನಿಲ್ಲುತ್ತೆ, ಕೆಲಸ ಆಗುತ್ತೆ ಅನ್ನೋದು ಅವರ ಲೆಕ್ಕ.

ಈ ಲೆಕ್ಕ ಸರಿನಾ? ಬೇರೆ ದೇಶಕ್ಕೆ ಹೋಗೋದು ಬೇಡ. ನಮ್ಮಲ್ಲೇ ಒಂದು ಸಲ ಪರೀಕ್ಷೆ ಆಗಿದೆ.

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆ ಆಯಿತು. 1977ರ ಮಾರ್ಚ್‌ವರೆಗೆ ಪತ್ರಿಕೆಗಳಿಗೆ ಸೆನ್ಸಾರ್, ವಿರೋಧ ಪಕ್ಷದ ನಾಯಕರಿಗೆ ಜೈಲು. ಎಲ್ಲ ಅಧಿಕಾರ ಪ್ರಧಾನಿ ಇಂದಿರಾ ಗಾಂಧಿಯವರ ಮನೆಯಲ್ಲಿ. ಹಾಗಾದರೆ ಸರ್ಕಾರದೊಳಗಿನ ಜಗಳ ನಿಂತುಹೋಯ್ತಾ? ಇಲ್ಲ ಸ್ವಾಮಿ.

ಆಗ ಹಣಕಾಸು ಸಚಿವರು ಸಿ. ಸುಬ್ರಮಣ್ಯಂ. ಹಸಿರು ಕ್ರಾಂತಿಯಲ್ಲಿ ಹೆಸರು ಮಾಡಿದ ಹಿರಿಯರು. 1975ರ ಕೊನೆಯಲ್ಲಿ ಅವರ ಸಚಿವಾಲಯವನ್ನೇ ಎರಡು ಹೋಳು ಮಾಡಲಾಯಿತು. ಕಂದಾಯ ಮತ್ತು ಬ್ಯಾಂಕಿಂಗ್ ಅನ್ನು ಬೇರ್ಪಡಿಸಿ, ಸ್ವತಂತ್ರ ಹೊಣೆಯೊಂದಿಗೆ ಯುವ ಸಚಿವ ಪ್ರಣಬ್ ಮುಖರ್ಜಿ ಅವರಿಗೆ ಕೊಟ್ಟರು. ಅಂದರೆ ಏನು? ಮನೆ ಖರ್ಚಿನ ಲೆಕ್ಕ ಬರೆಯೋದು ಅಣ್ಣ, ಬೀರುವಿನ ಕೀಲಿ ತಮ್ಮನ ಹತ್ತಿರ! ಅದೇ ವರ್ಷ ರಿಸರ್ವ್ ಬ್ಯಾಂಕಿನ ಗವರ್ನರ್ ಕುರ್ಚಿಗೆ ಎಲ್ಐಸಿಯಿಂದ ಕೆ.ಆರ್. ಪುರಿ ಅವರನ್ನು ತಂದು ಕೂರಿಸಿದರು.

ಇನ್ನು ಸ್ಟೇಟ್ ಬ್ಯಾಂಕ್ ಕಥೆ ಕೇಳಿ. ಅಧ್ಯಕ್ಷರು ಆರ್.ಕೆ. ತಲ್ವಾರ್. ನಷ್ಟದಲ್ಲಿದ್ದ ಒಂದು ಸಿಮೆಂಟ್ ಕಂಪನಿಗೆ ನೆರವು ಬೇಕಿತ್ತು. ನೆರವು ಕೊಡ್ತೀವಿ, ಆದರೆ ಕಂಪನಿ ಮುಖ್ಯಸ್ಥರು ಇಳಿಯಬೇಕು, ವೃತ್ತಿಪರರು ಆಡಳಿತ ನಡೆಸಬೇಕು ಅಂತ ಬ್ಯಾಂಕು ಷರತ್ತು ಹಾಕಿತು. ಬ್ಯಾಂಕರ್ ಎನ್. ವಘುಲ್ ಮುಂದೆ ಬರೆದಿರುವ ಪ್ರಕಾರ, ಆ ಮುಖ್ಯಸ್ಥರು ಹೋಗಿದ್ದು ಸಂಜಯ್ ಗಾಂಧಿ ಹತ್ತಿರ. ಸಂಜಯ್‌ಗೆ ಸರ್ಕಾರದಲ್ಲಿ ಯಾವ ಹುದ್ದೆಯೂ ಇರಲಿಲ್ಲ. ಷರತ್ತು ಕೈಬಿಡಿ ಅಂತ ಮೇಲಿನಿಂದ ಒತ್ತಡ ಬಂತು. ತಲ್ವಾರ್ ಬಗ್ಗಲಿಲ್ಲ. ಅವರನ್ನು ತೆಗೆಯೋಕೆ ಕಾನೂನಿನಲ್ಲಿ ದಾರಿ ಇರಲಿಲ್ಲ. ಕಾನೂನನ್ನೇ ತಿದ್ದಿದರು! 1976ರಲ್ಲಿ ತಲ್ವಾರ್ ಮನೆಗೆ ಹೋದರು.

ಜಗಳ ಇತ್ತು. ಆದರೆ ಅದು ಮುಚ್ಚಿದ ಬಾಗಿಲ ಹಿಂದೆ ಇತ್ತು. ಅಲ್ಲಿ ಗೆಲ್ಲೋದು ಸರಿ ಇದ್ದವನಲ್ಲ, ದೊಡ್ಡ ಮನೆಗೆ ಹತ್ತಿರ ಇದ್ದವನು. ಸ್ಟೇಟ್ ಬ್ಯಾಂಕಿನಲ್ಲಿ ದುಡ್ಡಿಟ್ಟಿದ್ದ ಮೇಷ್ಟ್ರಿಗಾಗಲೀ ರೈತನಿಗಾಗಲೀ ಇದನ್ನ ಕೇಳೋ ದಾರಿಯೇ ಇರಲಿಲ್ಲ.

ಈಗ ಶಿಡ್ಲಘಟ್ಟಕ್ಕೆ ಬನ್ನಿ. 2011ರ ಬಜೆಟ್. ಹಣಕಾಸು ಸಚಿವರು ಅದೇ ಪ್ರಣಬ್ ಮುಖರ್ಜಿ. ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದರು. ಚೀನಾ ರೇಷ್ಮೆಗೆ ದಾರಿ ಸಲೀಸಾಯಿತು, ಇಲ್ಲಿ ಗೂಡಿನ ಬೆಲೆ ಕುಸಿಯಿತು. ಇಲ್ಲೂ ಇಲಾಖೆಗಳ ಎಳೆದಾಟ ಇದೆ. ಸುಂಕ ಹಾಕೋದು ಹಣಕಾಸು ಸಚಿವಾಲಯ. ಚೀನಾ ಅಗ್ಗಕ್ಕೆ ತಂದು ಸುರಿಯುತ್ತಿದೆಯಾ ಅಂತ ತನಿಖೆ ಮಾಡೋದು ವಾಣಿಜ್ಯ ಸಚಿವಾಲಯ. ಗೂಡು ಬೆಳೆಯುವವನ ಪರ ಇರಬೇಕಾದ ಬೆಂಗಳೂರಿನ ಕೇಂದ್ರ ರೇಷ್ಮೆ ಮಂಡಳಿ, ಅಗ್ಗದ ನೂಲು ಬೇಕು ಅನ್ನೋ ವಾರಾಣಸಿಯ ನೇಕಾರ, ಇಬ್ಬರೂ ಜವಳಿ ಸಚಿವಾಲಯದ ಕೆಳಗೆ!

ಆದರೆ ಒಂದು ವ್ಯತ್ಯಾಸ ನೋಡಿ. ಈ ಸಲ ಸುಂಕ ಇಳಿಸಿದ್ದು ಯಾರು, ಎಷ್ಟು ಇಳಿಸಿದರು ಅನ್ನೋದು ಹಿಪ್ಪುನೇರಳೆ ತೋಟದಲ್ಲಿದ್ದ ರೈತನಿಗೂ ಗೊತ್ತಿತ್ತು. ರೈತರು ಬೀದಿಗಿಳಿದರು. ಪತ್ರಿಕೆಗಳು ಬರೆದವು, ನಮ್ಮಂಥ ಚಾನೆಲ್‌ಗಳು ತೋರಿಸಿದವು. 2013ರ ಬಜೆಟ್‌ನಲ್ಲಿ ಚಿದಂಬರಂ ಸುಂಕವನ್ನು ಶೇಕಡಾ 15ಕ್ಕೆ ಏರಿಸಿದರು. ಮತ್ತೆ 10ಕ್ಕೆ ಇಳಿಯಿತು, 2021ರಲ್ಲಿ ನಿರ್ಮಲಾ ಸೀತಾರಾಮನ್ ಮತ್ತೆ 15 ಮಾಡಿದರು.

ಇದು ಸಾಕಾ? ಸಾಲದು. ಮೊದಲಿದ್ದ 30 ವಾಪಸ್ ಬರಲಿಲ್ಲ. ಎರಡು ವರ್ಷ ತಡವಾಯಿತು, ಆ ನಷ್ಟ ತುಂಬಿಕೊಟ್ಟವರು ಯಾರೂ ಇಲ್ಲ. ಹುಳ ಹಣ್ಣಾಗಿ ಚಂದ್ರಿಕೆ ಹತ್ತಿದ ಮೇಲೆ ದೆಹಲಿಯ ಫೈಲಿಗಾಗಿ ಕಾಯುತ್ತಾ ಹೇಳಿ? ಅದಕ್ಕೇ ಜನರಿಗೆ ಸಿಟ್ಟು. ಆ ಸಿಟ್ಟು ನ್ಯಾಯವಾದದ್ದು.

ಆದರೆ ಆ ಸಿಟ್ಟಿನಲ್ಲಿ ಸರ್ವಾಧಿಕಾರಿ ಬೇಕು ಅನ್ನೋ ಮೊದಲು ಇದನ್ನ ಯೋಚಿಸಿ. ಸರ್ವಾಧಿಕಾರ ಬಂದರೆ ಇಲಾಖೆಗಳ ಜಗಳ ಹೋಗಲ್ಲ, ಜಗಳದಲ್ಲಿ ನಿಮ್ಮ ಪಾಲು ಹೋಗುತ್ತೆ. ಇದೇ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು, ಧ್ವಜ ಹಿಡಿದು ಸಭೆ ಸೇರಿದ್ದಕ್ಕೆ ಜನರ ಮೇಲೆ ಗುಂಡು ಹಾರಿಸಿದರು. ಸಭೆ ಸೇರುವ ಹಕ್ಕಿಗಾಗಿ ಜೀವ ಕೊಟ್ಟ ಮಣ್ಣು ಇದು. ಗೂಡಿನ ಬೆಲೆ ಬಿದ್ದಾಗ ಶಿಡ್ಲಘಟ್ಟದ ರೈತ ರಸ್ತೆಗೆ ಬಂದು ಕೇಳಿದ್ದು ಆ ಹಕ್ಕಿನಿಂದಲೇ.

ಅದನ್ನ ಮಾತ್ರ ಯಾರ ಕೈಗೂ ಕೊಡಬೇಡಿ.