ಕಡಿಮೆ ಖರ್ಚಿನಲ್ಲಿ ಅಂಗಡಿಯ ಪ್ರಚಾರ: ದಾಬಸ್‌ಪೇಟೆಯ ನಿದರ್ಶನದೊಡನೆ ಒಂದು ವಿವೇಚನೆ

ಪ್ರಚಾರವೆಂದರೆ ಹಣವಂತರ ಕೆಲಸ, ಸಣ್ಣವರಿಗೆ ಅದು ನಿಲುಕದು ಎಂಬ ಭಾವನೆ ನಮ್ಮ ಬೆಳೆಗಾರರಲ್ಲಿ ಬಲವಾಗಿದೆ. ಇದಕ್ಕೆ ಕಾರಣವೂ ಉಂಟು. 1942ರ ಕಾಫಿ ಕಾಯ್ದೆಯ ನಂತರ ಬಹುಕಾಲ ನಾವು ಬೆಳೆದ ಕಾಫಿ ಮಂಡಳಿಯ ಪೂಲಿಗೆ ಹೋಗುತ್ತಿತ್ತು. ಮಾರುವ ಚಿಂತೆ ನಮ್ಮದಾಗಿರಲಿಲ್ಲ. 1996ರಲ್ಲಿ ಆ ವ್ಯವಸ್ಥೆ ಪೂರ್ಣವಾಗಿ ಕೊನೆಗೊಂಡಿತು. ಸ್ವಂತವಾಗಿ ಪುಡಿ ಮಾಡಿ ಮಾರುವ ಸ್ವಾತಂತ್ರ್ಯವೇನೋ ಬಂತು, ಆದರೆ ಗಿರಾಕಿಯನ್ನು ಕರೆತರುವ ಹೊಣೆಯೂ ಜೊತೆಗೇ ಬಂತು. ಅಂಗಡಿ ತೆರೆದು ಗಿರಾಕಿ ಬಾರದೆ ಹೋದರೆ ನಷ್ಟವಾಗುವುದು ಪುಡಿ ಮಾತ್ರವಲ್ಲ. ತೋಟದ ಆದಾಯದಿಂದ ತೆಗೆದ ಬಂಡವಾಳವೂ ಮುಳುಗುತ್ತದೆ.

ದಾಬಸ್‌ಪೇಟೆಯನ್ನೇ ನಿದರ್ಶನಕ್ಕೆ ತೆಗೆದುಕೊಳ್ಳೋಣ. ನೆಲಮಂಗಲ ತಾಲ್ಲೂಕಿನ ಈ ಊರಿಗೆ ಡಾಬ್ಸ್ ಎಂಬ ಬ್ರಿಟಿಷ್ ಅಧಿಕಾರಿಯಿಂದ ಹೆಸರು ಬಂದಿದೆ. ಬೆಂಗಳೂರು–ತುಮಕೂರು ಹೆದ್ದಾರಿಯಿಂದ ದೊಡ್ಡಬಳ್ಳಾಪುರದ ಕಡೆಗೆ ರಸ್ತೆ ಕವಲೊಡೆಯುವುದು ಇಲ್ಲಿಯೇ. ಸಮೀಪದಲ್ಲಿ ಶಿವಗಂಗೆ ಬೆಟ್ಟ, ಇನ್ನೊಂದು ಕಡೆ ಸೋಂಪುರದ ಕೈಗಾರಿಕಾ ಪ್ರದೇಶ. ಇಂಥ ಕಡೆ ಕಾಫಿ ಪುಡಿ ಅಥವಾ ಅಡಕೆ ಹಾಳೆಯ ತಟ್ಟೆ ಮಾರುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಮ್ಮ ಗಿರಾಕಿ ಯಾರು?

ಹೆದ್ದಾರಿಯಲ್ಲಿ ಸಾವಿರಾರು ವಾಹನ ಓಡುತ್ತವೆಂದು ದೊಡ್ಡ ಫಲಕಕ್ಕೆ ಹಣ ಸುರಿಯುವವರಿದ್ದಾರೆ. ವೇಗವಾಗಿ ಹೋಗುವವನು ಕಾಫಿ ಪುಡಿಗಾಗಿ ಗಾಡಿ ನಿಲ್ಲಿಸುವುದು ಅಪರೂಪ. ತಿಂಗಳು ತಿಂಗಳೂ ಅರ್ಧ ಕಿಲೋ ಒಯ್ಯುವವರು ಸುತ್ತಲ ಹಳ್ಳಿಯ ಮನೆಗಳವರು, ಕಾರ್ಖಾನೆಗಳ ನೌಕರರು, ಹೋಟೆಲಿನವರು. ಶಿವಗಂಗೆಯ ಯಾತ್ರಿಕರು ಎರಡನೆಯ ಪಂಕ್ತಿಯವರು. ಮಕರ ಸಂಕ್ರಾಂತಿಯ ಉತ್ಸವದ ದಿನಗಳಲ್ಲಿ ಅವರ ಸಂಖ್ಯೆ ಹೆಚ್ಚು. ಗಿರಾಕಿ ಯಾರೆಂದು ಗೊತ್ತಾದರೆ ಅರ್ಧ ಖರ್ಚು ಅಲ್ಲಿಯೇ ಉಳಿಯಿತು.

ಮೊದಲ ಉಪಾಯ, ರುಚಿ ತೋರಿಸುವುದು. ಇದು ನಮ್ಮ ಬೆಳೆಯ ಚರಿತ್ರೆಯಲ್ಲೇ ಇರುವ ಪಾಠ. 1936ರಲ್ಲಿ ಕಾಫಿ ಸೆಸ್ ಸಮಿತಿಯವರು ಮುಂಬಯಿಯಲ್ಲಿ ಇಂಡಿಯಾ ಕಾಫಿ ಹೌಸ್ ತೆರೆದದ್ದು ಚಹಾ ಕುಡಿಯುವ ಜನಕ್ಕೆ ಒಂದು ಲೋಟ ಒಳ್ಳೆಯ ಕಾಫಿ ಕುಡಿಸಿ ಅಭ್ಯಾಸ ಮಾಡಿಸಲೆಂದೇ. ನಾವೂ ಸಣ್ಣ ಪ್ರಮಾಣದಲ್ಲಿ ಹಾಗೆಯೇ ಮಾಡಬಹುದು. ಲೆಕ್ಕ ನೋಡಿ. ಪುಡಿ ಕಿಲೋಗೆ 800 ರೂಪಾಯಿ ಎಂದಿಟ್ಟುಕೊಳ್ಳೋಣ. ಅರ್ಧ ಲೋಟಕ್ಕೆ 5 ಗ್ರಾಂ ಪುಡಿ, ಅಂದರೆ 4 ರೂಪಾಯಿ. ಹಾಲು ಸಕ್ಕರೆಗೆ ಇನ್ನು 4. ಐವತ್ತು ಮಂದಿಗೆ ಕುಡಿಸಿದರೆ 400 ರೂಪಾಯಿ. ಅವರಲ್ಲಿ ಐವರು ಖಾಯಂ ಗಿರಾಕಿಗಳಾದರೆ ತಲೆಗೆ 80 ರೂಪಾಯಿ ಬಿತ್ತು. ಅರ್ಧ ಕಿಲೋ ಮಾರಾಟದಲ್ಲಿ 40 ರೂಪಾಯಿ ಉಳಿಯುವುದಾದರೆ ಎರಡು ತಿಂಗಳಲ್ಲಿ ಖರ್ಚು ಹಿಂದಿರುಗುತ್ತದೆ. ಇದೇ 2,000 ರೂಪಾಯಿಯ ಕರಪತ್ರ ಹಂಚಿ ಹತ್ತು ಮಂದಿ ಬಂದರೆ ತಲೆಗೆ 200. ಹಿಂದಿರುಗಲು ಐದು ತಿಂಗಳು ಬೇಕು. ನಿಮ್ಮ ಅಂಕಿ ಬೇರೆ ಇರಬಹುದು, ಲೆಕ್ಕದ ಕ್ರಮ ಮಾತ್ರ ಇದೇ.

ಎರಡನೆಯದು, ಕೆಲಸವನ್ನು ಎದುರಿಗೇ ಮಾಡುವುದು. ಬೆಂಗಳೂರಿನ ಎಂ.ಟಿ.ಆರ್. ಹೋಟೆಲಿನಲ್ಲಿ ಗಿರಾಕಿಗಳಿಗೆ ಅಡುಗೆಮನೆಯನ್ನೇ ತೋರಿಸುತ್ತಿದ್ದರು; ಸ್ವಚ್ಛತೆಗೆ ಬೇರೆ ಜಾಹೀರಾತು ಬೇಕಾಗಲಿಲ್ಲ. ಬೀಜವನ್ನು ಗಿರಾಕಿಯ ಮುಂದೆಯೇ ಬೀಸಿ ಕೊಡಿ. ಬೀಸುವ ಯಂತ್ರವನ್ನು ಒಳಕೋಣೆಯಲ್ಲಿಡದೆ ಬಾಗಿಲ ಬಳಿ ಇಟ್ಟರೆ ಪರಿಮಳ ಬೀದಿಗೆ ಹೋಗುತ್ತದೆ. ಇದಕ್ಕೆ ಒಂದು ಕಾಸೂ ಹೆಚ್ಚಿಲ್ಲ.

ಮೂರನೆಯದು, ಪೊಟ್ಟಣವೇ ಕರಪತ್ರ. ಹುರಿದ ದಿನಾಂಕ, ತೋಟವಿರುವ ಊರು, ಅಂಗಡಿಯ ಫೋನ್ ಸಂಖ್ಯೆ, ಚಿಕೋರಿಯ ಪ್ರಮಾಣ, ಆಹಾರ ಸುರಕ್ಷತಾ ನೋಂದಣಿ ಸಂಖ್ಯೆ ಇಷ್ಟನ್ನೂ ಸ್ಪಷ್ಟವಾಗಿ ಅಚ್ಚು ಹಾಕಿಸಿ. ಮಿಶ್ರಣದಲ್ಲಿ ಕಾಫಿಯ ಅಂಶ ಶೇ. 51ಕ್ಕಿಂತ ಕಡಿಮೆಯಿರಕೂಡದು, ಪ್ರಮಾಣ ನಮೂದಿಸಲೇಬೇಕು ಎಂಬುದು ಕಾನೂನು. ಅದನ್ನು ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಅಡಗಿಸುವ ಬದಲು ದೊಡ್ಡದಾಗಿ ಬರೆದವನನ್ನು ಜನ ನಂಬುತ್ತಾರೆ.

ನಾಲ್ಕನೆಯದು, ಬಾಯಿಮಾತು. ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆ ವ್ಯಾಪಾರಕ್ಕೂ ಸಲ್ಲುತ್ತದೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ, ಮದ್ದೂರಿನ ವಡೆ ಊರಿನ ಹೆಸರಿನೊಡನೆ ಬೆಳೆದದ್ದು ತಿಂದವರ ಮಾತಿನಿಂದ. ಹೊಸಬರನ್ನು ಕರೆತಂದ ಹಳೆಯ ಗಿರಾಕಿಗೆ ಐವತ್ತು ಗ್ರಾಂ ಪುಡಿ ಕೊಸರು ಹಾಕಿ. ಹಾಳೆ ತಟ್ಟೆ ಮಾರುವವರು ಕಲ್ಯಾಣ ಮಂಟಪದವರಿಗೂ ಅಡುಗೆ ಭಟ್ಟರಿಗೂ ಇಪ್ಪತ್ತೈದು ತಟ್ಟೆಗಳ ಒಂದು ಕಟ್ಟು ಮಾದರಿಗೆ ಕೊಡಲಿ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟಗಳು ದೇಶದಲ್ಲಿ ನಿಷಿದ್ಧವಾಗಿರುವುದರಿಂದ ಅವರಿಗೂ ಬದಲಿ ಬೇಕು. ಒಬ್ಬ ಅಡುಗೆ ಭಟ್ಟರು ಒಪ್ಪಿದರೆ ಹತ್ತಾರು ಮದುವೆಗಳಿಗೆ ದಾರಿ ತೆರೆದಂತೆ.

ಐದನೆಯದು, ಕೈಯಲ್ಲಿರುವ ಫೋನು. ಗೂಗಲ್ ನಕ್ಷೆಯಲ್ಲಿ ಅಂಗಡಿಯ ಹೆಸರು, ವೇಳೆ, ಚಿತ್ರ ಸೇರಿಸಲು ಶುಲ್ಕವಿಲ್ಲ. ಶಿವಗಂಗೆಗೆ ಬರುವವರು ದಾರಿ ಹುಡುಕುವುದು ಹೆಚ್ಚಾಗಿ ಅದರಲ್ಲೇ. ಗಿರಾಕಿಗಳು ಒಪ್ಪಿದರೆ ಮಾತ್ರ ಅವರ ಸಂಖ್ಯೆ ಬರೆದಿಟ್ಟುಕೊಂಡು, ಹೊಸದಾಗಿ ಹುರಿದ ದಿನ ವಾಟ್ಸಾಪಿನಲ್ಲಿ ಒಂದು ಸಾಲು ತಿಳಿಸಿ. ದಿನವೂ ಕಳಿಸಿದರೆ ಓದದೆ ಅಳಿಸುತ್ತಾರೆ.

ಕೆಲವು ಎಚ್ಚರಿಕೆಗಳೂ ಅಗತ್ಯ. ಸಿಕ್ಕ ಗೋಡೆಗೆ ಭಿತ್ತಿಪತ್ರ ಅಂಟಿಸುವುದನ್ನು ತಡೆಯಲು 1981ರ ರಾಜ್ಯ ಕಾನೂನಿದೆ; ಹೆದ್ದಾರಿಯ ಜಾಗದಲ್ಲಿ ಅನುಮತಿಯಿಲ್ಲದೆ ಫಲಕ ನೆಡುವಂತಿಲ್ಲ. ಅಂಗಡಿಯ ಫಲಕದಲ್ಲಿ ಶೇ. 60ರಷ್ಟು ಕನ್ನಡವಿರಬೇಕೆಂದು 2024ರ ತಿದ್ದುಪಡಿ ಹೇಳುತ್ತದೆ. ಬರೆಸುವ ಮೊದಲೇ ಇದನ್ನು ಗಮನಿಸಿದರೆ ಎರಡು ಸಲ ಖರ್ಚಾಗದು. ಅಡಕೆ ಮಾರುವವರು ಆರೋಗ್ಯಕ್ಕೆ ಒಳ್ಳೆಯದೆಂದು ಬರೆಯಬಾರದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಕೆಯನ್ನು ಕ್ಯಾನ್ಸರ್‌ಕಾರಕವೆಂದು ಪರಿಗಣಿಸಿದೆ. ನಮಗೆ ಕಹಿಯಾದರೂ ಗಿರಾಕಿಗೆ ಸುಳ್ಳು ಹೇಳಿ ಮಾರುವುದು ಸಲ್ಲದು.

ಕೊನೆಯದಾಗಿ, ಗಲ್ಲಾದ ಬಳಿ ಒಂದು ನೋಟ್‌ಬುಕ್ ಇಡಿ. ಹೊಸಬರು ಬಂದಾಗ “ನಮ್ಮ ಅಂಗಡಿ ನಿಮಗೆ ಹೇಗೆ ಗೊತ್ತಾಯಿತು?” ಎಂದು ಕೇಳಿ ಬರೆದುಕೊಳ್ಳಿ. ಮೂರು ತಿಂಗಳಲ್ಲಿ ಯಾವ ಖರ್ಚು ಗಿರಾಕಿಯನ್ನು ತಂದಿತು, ಯಾವುದು ವ್ಯರ್ಥವಾಯಿತು ಎಂಬುದು ತಾನಾಗಿಯೇ ತಿಳಿಯುತ್ತದೆ. ವ್ಯರ್ಥವಾದದ್ದನ್ನು ನಿಲ್ಲಿಸಿ, ಫಲ ಕೊಟ್ಟದ್ದನ್ನು ಮುಂದುವರಿಸಿ. ತೋಟದಲ್ಲಿ ಯಾವ ಗಿಡಕ್ಕೆ ಎಷ್ಟು ಗೊಬ್ಬರವೆಂದು ಲೆಕ್ಕವಿಡುವ ನಮಗೆ ಇದೇನೂ ಹೊಸ ವಿದ್ಯೆಯಲ್ಲ.